ಹುಲಿಗೆಮ್ಮ ಮೂರನೆಯ ಸಲ ಓದಿದ್ದು

ತುಂಗಭದ್ರೆಯ ದಂಡೆಗೆ ಒಂದು ಆಶ್ರಮವಿತ್ತು. ಆಶ್ರಮವೆಂದರೆ ನಾಲ್ಕು ಕೋಣೆ, ಒಂದು ಅಡುಗೆಮನೆ, ಹೊಳೆಗೆ ಇಳಿಯಲು ಒಂದಿಷ್ಟು ಮೆಟ್ಟಿಲು. ಅಲ್ಲಿ ಪೂಜೆಗಿಂತ ಪಾಠ ಹೆಚ್ಚು. ಅದೂ ಕಾನೂನಿನ ಪಾಠ.

ಪಾಠ ಹೇಳುತ್ತಿದ್ದವರು ಮಹಾನಂದಮ್ಮ. ಇಪ್ಪತ್ತೆರಡು ವರ್ಷ ಜಿಲ್ಲಾ ಕೋರ್ಟಿನಲ್ಲಿ ವಕೀಲಿಕೆ ಮಾಡಿ, ಒಂದು ದಿನ ಕರಿ ಕೋಟು ಕಳಚಿಟ್ಟು ಹೊಳೆ ದಂಡೆಗೆ ಬಂದು ಕೂತವರು. ಯಾಕೆ ಬಿಟ್ಟರೆಂದು ಜನ ಹತ್ತು ಥರ ಹೇಳುತ್ತಿದ್ದರು. ಅವರು ಮಾತ್ರ ಏನೂ ಹೇಳುತ್ತಿರಲಿಲ್ಲ.

ಕಾನೂನು ಶಾಲೆಯ ಪ್ರವೇಶ ಪರೀಕ್ಷೆಗೆ ಕೂರುವ ಬಡವರ ಮಕ್ಕಳು ಅವರಲ್ಲಿಗೆ ಬಂದು ಉಳಿಯುತ್ತಿದ್ದರು. ಮಕ್ಕಳಿಗೆಲ್ಲ ಅವರು ಅಮ್ಮಾರು.

ಹುಲಿಗೆಮ್ಮ ಬಂದಾಗ ಪರೀಕ್ಷೆಗೆ ನಾಲ್ಕು ತಿಂಗಳಿತ್ತು. ಅವಳು ಆಗಲೇ ಎರಡು ಸಲ ಬರೆದು ಎರಡು ಸಲವೂ ಸೋತಿದ್ದಳು. ಎರಡನೆಯ ಸಲವಂತೂ ಪರೀಕ್ಷೆಯ ಕೋಣೆಯಲ್ಲಿ ಅಕ್ಷರಗಳು ಇರುವೆ ಸಾಲಿನಂತೆ ಹರಿದಾಡತೊಡಗಿದ್ದವು. ಕಾಲು ಗಂಟೆ ಕಣ್ಣು ಮುಚ್ಚಿ ಕೂತಿದ್ದಳು. ಕಣ್ಣು ಬಿಟ್ಟಾಗಲೂ ಇರುವೆಗಳು ಹೋಗಿರಲಿಲ್ಲ.

"ದಿನಾ ಎಷ್ಟು ತಾಸು ಓದ್ತಿದ್ದಿ?" ಅಮ್ಮಾರು ಕೇಳಿದರು.

"ಹದಿನಾರು ತಾಸು ಓದ್ತಿದ್ದೆರಿ."

"ಊಟ?"

"ಓದಿಕೋತ ಉಣ್ತಿದ್ದೆ."

"ನಿದ್ದಿ?"

ಅದಕ್ಕೆ ಹುಲಿಗೆಮ್ಮನ ಕಣ್ಣ ಕೆಳಗಿನ ಕಪ್ಪೇ ಉತ್ತರ ಹೇಳಿತು. ಜಡೆ ಇಲಿಬಾಲದಷ್ಟು ತೆಳ್ಳಗಾಗಿತ್ತು. ಕೈಬೆರಳ ಗೆಣ್ಣುಗಳನ್ನು ಕಚ್ಚಿ ಕಚ್ಚಿ ಅಲ್ಲಿ ಚರ್ಮ ಸುಲಿದಿತ್ತು.

"ಇಲ್ಲಿ ದಿನಕ್ಕ ನಾಕು ತಾಸು ಓದೂದು," ಅಂದರು ಅಮ್ಮಾರು. "ಮುಂಜಾನೆ ಎರಡು, ಸಂಜೀಗೆ ಎರಡು. ಗಂಟಿ ಬಾರಿಸಿದ ಕೂಡಲೆ ಪುಸ್ತಕ ಮುಚ್ಚೂದು. ಉಳಿದ ಹೊತ್ತು ಉಣ್ಣು, ಮಲಗು, ತ್ವಾಟದಾಗ ಕೆಲಸ ಮಾಡು, ಹೊಳಿ ನೋಡು."

"ನಾಕು ತಾಸಿನಾಗ ಏನಾಗತೈತ್ರಿ? ಇಂಗ್ಲೀಷು ನನಗ ಮೊದಲ ಬರೂದಿಲ್ಲ. ನಾ ಕನ್ನಡ ಸಾಲ್ಯಾಗ ಓದಿದಾಕಿ. ಉಳಿದವರು ಒಂದು ಸಲ ಓದಿದ್ದನ್ನ ನಾ ನಾಕು ಸಲ ಓದಬೇಕು."

"ಹೂಂ," ಅಂದರು ಅಮ್ಮಾರು. "ಒಳಗ ಹೋಗಿ ಕೈಕಾಲು ತೊಳಕೊ. ರೊಟ್ಟಿ ಬಿಸಿ ಅದಾವ."

*

ಹುಲಿಗೆಮ್ಮ ಯಾಕೆ ಅಷ್ಟು ಓದುತ್ತಿದ್ದಳೆಂಬುದನ್ನು ಹೇಳಬೇಕು.

ಅವಳಿಗೆ ಒಬ್ಬನೇ ಅಣ್ಣ, ದುರುಗಪ್ಪ. ಗೋದಾಮೊಂದರಲ್ಲಿ ಕಾವಲಿಗಿದ್ದ. ಒಂದು ಮುಂಜಾನೆ ಗೋದಾಮಿನಲ್ಲಿದ್ದ ತಾಮ್ರದ ತಂತಿಯ ಸುರುಳಿಗಳು ಕಾಣಲಿಲ್ಲ. ಕಾವಲಿಗಿದ್ದವನನ್ನೇ ಹಿಡಿದುಕೊಂಡು ಹೋದರು. ಕೋರ್ಟು ಜಾಮೀನು ಕೊಟ್ಟಿತು. ಆದರೆ ಜಾಮೀನು ನಿಲ್ಲುವವರಿಗೆ ಹೊಲದ ಪಹಣಿ ಇರಬೇಕು. ಅವರ ಬಳಗದಲ್ಲಿ ಹೊಲವಿದ್ದವರು ಒಬ್ಬರೂ ಇರಲಿಲ್ಲ. ದುರುಗಪ್ಪ ಒಳಗೇ ಉಳಿದ.

ಮೊದಲ ತಾರೀಖಿಗೆ ಹುಲಿಗೆಮ್ಮ ಅವ್ವನ ಜೊತೆ ಕೋರ್ಟಿಗೆ ಹೋಗಿದ್ದಳು. ಜಡ್ಜರು ಏನೋ ಅಂದರು. ವಕೀಲರು ಏನೋ ಅಂದರು. ದುರುಗಪ್ಪ ಕಟಕಟೆಯಲ್ಲಿ ನಿಂತು ಅವರ ಬಾಯಿ, ಇವರ ಬಾಯಿ ನೋಡಿದ. ಎರಡು ನಿಮಿಷದಲ್ಲಿ ಮುಗಿಯಿತು.

"ಏನಂದ್ರು?" ಎಂದು ಅವ್ವ ಕೇಳಿದಳು. ಹುಲಿಗೆಮ್ಮನಿಗೂ ತಿಳಿದಿರಲಿಲ್ಲ. ಬಾಗಿಲಲ್ಲಿ ನಿಂತ ಪೊಲೀಸರನ್ನು ಕೇಳಿದಳು.

"ಮುಂದಿನ ತಾರೀಖಿಗೆ ಬಾ," ಅಂದರು ಅವರು.

ಅವತ್ತೇ ಅವಳು ನಿಶ್ಚಯ ಮಾಡಿದಳು. ಆ ಕೋಣೆಯಲ್ಲಿ ಆಡುವ ಮಾತು ತನಗೆ ತಿಳಿಯಬೇಕು. ಅಣ್ಣನ ಪರವಾಗಿ ತಾನೇ ನಿಲ್ಲಬೇಕು. ಕಾನೂನು ಓದಲು ಐದು ವರ್ಷ ಬೇಕು, ಅಣ್ಣ ಅಷ್ಟು ದಿನ ಕಾಯಲಾರ ಎಂದು ಹೇಳಿದವರ ಮೇಲೆ ಸಿಟ್ಟಾದಳು. ಸಿಟ್ಟನ್ನೆಲ್ಲ ಓದಿಗೆ ಹಾಕಿದಳು.

*

ನಾಲ್ಕು ತಾಸಿನ ನಿಯಮವನ್ನು ಅವಳು ಎಂಟು ದಿನ ಪಾಲಿಸಿದಳು. ಒಂಬತ್ತನೆಯ ದಿನದಿಂದ ಕದ್ದು ಓದತೊಡಗಿದಳು.

ಒಲೆಯ ಮುಂದೆ ಕೂತಾಗ ಮಡಿಲಲ್ಲಿ ಚೀಟಿ. ತೋಟಕ್ಕೆ ನೀರು ಬಿಡುವಾಗ ಮುಂಗೈ ಮೇಲೆ ಬರೆದ ಇಂಗ್ಲಿಷ್ ಪದಗಳು. ಮಧ್ಯಾಹ್ನ ಎಲ್ಲರೂ ಅಡ್ಡಾಗಿರುವ ಹೊತ್ತಿಗೆ ಹೊಳೆ ಪಕ್ಕದ ಪಂಪಿನ ಮನೆಗೆ ಹೋಗಿ, ಬಾಗಿಲು ಮರೆಮಾಡಿಕೊಂಡು ಹಳೆಯ ಪ್ರಶ್ನೆಪತ್ರಿಕೆ ಬಿಡಿಸುತ್ತಿದ್ದಳು.

ಆ ದಿನಗಳಲ್ಲೇ ಜೈಲಿನಿಂದ ಒಂದು ಪತ್ರ ಬಂತು. ದುರುಗಪ್ಪ ನಾಲ್ಕನೆಯ ಇಯತ್ತೆವರೆಗೆ ಕಲಿತವನು. ಜೊತೆಯ ಕೈದಿಯೊಬ್ಬನ ಕೈಯಲ್ಲಿ ಬರೆಸಿದ್ದ. ವಿಳಾಸದ ಕೆಳಗೆ ತನ್ನ ಹೆಸರನ್ನು ಮಾತ್ರ ತಾನೇ ತಿದ್ದಿ ತಿದ್ದಿ ಬರೆದಿದ್ದ.

ಹುಲಿಗೆಮ್ಮ ಲಕೋಟೆಯನ್ನು ತಿರುಗಿಸಿ ಮುರುಗಿಸಿ ನೋಡಿದಳು. ಈಗ ಒಡೆದರೆ ಎರಡು ದಿನ ಮನಸ್ಸು ಓದಿಗೆ ಬರುವುದಿಲ್ಲ. ಪರೀಕ್ಷೆ ಮುಗಿದ ಮೇಲೆ ನಿಧಾನಕ್ಕೆ ಓದೋಣ. ಹಾಗಂದುಕೊಂಡು ಅದನ್ನು ಪುಸ್ತಕದ ನಡುವೆ ಗುರುತಿಗೆ ಇಟ್ಟಳು.

ಜೈಲಿಗೆ ಹೋಗಿ ಅಣ್ಣನನ್ನು ನೋಡದೆ ಆಗಲೇ ಎಂಟು ತಿಂಗಳಾಗಿತ್ತು. ಹೋಗಿಬರಲು ಒಂದಿಡೀ ದಿನ ಬೇಕು. ಒಂದು ದಿನವೆಂದರೆ ಅವಳ ಲೆಕ್ಕದಲ್ಲಿ ನೂರು ಪುಟ.

*

ಒಂದು ಮಧ್ಯಾಹ್ನ ಪಂಪಿನ ಮನೆಯ ಬಾಗಿಲು ತೆರೆಯಿತು. ಅಮ್ಮಾರು ನಿಂತಿದ್ದರು.

ಹುಲಿಗೆಮ್ಮ ಪುಸ್ತಕ ಬಚ್ಚಿಡಲಿಲ್ಲ. ಬಚ್ಚಿಡಲು ಕೈಯಲ್ಲಿ ತ್ರಾಣವಿರಲಿಲ್ಲ.

ಅಮ್ಮಾರು ಬೈಯಲಿಲ್ಲ. ಒಳಗೆ ಬಂದು ಅವಳ ಪಕ್ಕ ನೆಲದ ಮೇಲೆ ಕೂತರು.

"ಇವತ್ತು ಎಷ್ಟು ಹಾಳಿ ಓದಿದಿ?"

"ನಲವತ್ತು ಹಾಳಿ ಆದ್ವು ನೋಡ್ರಿ."

"ಮೊದಲನೇ ಹಾಳ್ಯಾಗ ಏನಿತ್ತು?"

ಹುಲಿಗೆಮ್ಮ ನೆನಪು ಮಾಡಿಕೊಳ್ಳಲು ನೋಡಿದಳು. ಬರಲಿಲ್ಲ.

"ಹೋಗಲಿ. ಈಗ ಕೈಯಾಗಿರೂ ಹಾಳಿ?"

ಬೆರಳು ಆ ಪುಟದ ಮೇಲೆಯೇ ಇತ್ತು. ತಲೆಯಲ್ಲಿದ್ದದ್ದು ಯಾವುದೋ ಗಾಡಿ, ಯಾರದೋ ನಷ್ಟ, ಯಾರೋ ಹೊಣೆ. ಅಷ್ಟೇ.

"ಹಂಗಾದ್ರ ಓದಿದವರು ಯಾರು?" ಎಂದು ಕೇಳಿದರು ಅಮ್ಮಾರು.

ಹುಲಿಗೆಮ್ಮನಿಗೆ ಅಳು ಬರಬೇಕಿತ್ತು, ಸಿಟ್ಟು ಬಂತು. "ನೀವು ಹೇಳೂದು ಸುಲಭ ಐತ್ರಿ. ನಾ ಪಾಸಾಗಲಿಲ್ಲಂದ್ರ ನನ್ನ ಅಣ್ಣ ಅಲ್ಲೇ ಕೊಳೀತಾನ. ನಾ ನನಗಾಗಿ ಓದಾಕತ್ತಿಲ್ಲ. ಅವನ ಸಲುವಾಗಿ ಓದಾಕತ್ತೀನಿ."

"ಅವನ ಪರವಾಗಿ?"

"ಹೌದ್ರಿ, ಅವನ ಪರವಾಗಿ."

"ಅಣ್ಣ ನಿನಗ ವಕಾಲತ್ತು ಕೊಟ್ಟಾನೇನು?"

ಇಷ್ಟು ಹೇಳಿ ಅಮ್ಮಾರು ಎದ್ದು ಹೋದರು. ಬಾಗಿಲು ತೆರೆದೇ ಇತ್ತು. ಹೊಳೆಯ ಬಿಸಿಲು ಒಳಗೆ ಬಂದು ಪುಟದ ಮೇಲೆ ಬಿತ್ತು. ಹುಲಿಗೆಮ್ಮನಿಗೆ ಬಿಳಿ ಹಾಳೆಯ ಹೊರತು ಏನೂ ಕಾಣಲಿಲ್ಲ.

ಎಂಥ ಮಾತು ಇದು! ಒಡಹುಟ್ಟಿದ ತಂಗಿಗೆ ವಕಾಲತ್ತು ಬೇಕೆ? ಎರಡು ದಿನ ಅವಳು ಆ ಮಾತನ್ನು ಉಗುಳಲೂ ಆಗದೆ ನುಂಗಲೂ ಆಗದೆ ಇದ್ದಳು. ಮೂರನೆಯ ದಿನ ಮೊದಲ ಬಸ್ಸಿಗೆ ಜಿಲ್ಲಾ ಊರಿಗೆ ಹೊರಟಳು. ಅಣ್ಣನ ಬಾಯಿಂದಲೇ ಹೇಳಿಸಿಕೊಂಡು ಬಂದು ಅಮ್ಮಾರಿಗೆ ಹೇಳಬೇಕು. ಬಸ್ಸಿನಲ್ಲಿ ಓದಲಿಕ್ಕೆಂದು ಪುಸ್ತಕವನ್ನೂ ಚೀಲಕ್ಕೆ ಹಾಕಿಕೊಂಡಳು.

*

ಜೈಲಿನಲ್ಲಿ ಕೈದಿಯನ್ನು ಭೇಟಿಯಾಗುವುದಕ್ಕೆ ಮುಲಾಖತ್ ಅನ್ನುತ್ತಾರೆ. ನಡುವೆ ಎರಡು ಪದರ ಜಾಲರಿ. ಆಚೆ ಹತ್ತು ಜನ, ಈಚೆ ಹತ್ತು ಜನ, ಎಲ್ಲರೂ ಒಟ್ಟಿಗೆ ಕೂಗಬೇಕು.

ದುರುಗಪ್ಪ ಬಂದು ನಿಂತ. ಅವನ ಅಂಗಿಯೊಳಗೆ ಇನ್ನೊಬ್ಬ ಹಿಡಿಯುವಷ್ಟು ಜಾಗವಿತ್ತು. ಆದರೆ ನಗುತ್ತಿದ್ದ.

"ಹುಲಿಗಿ! ಬಂದ್ಯಾ? ಎಷ್ಟು ಸಣ್ಣಾಗಿಯಲ್ಲಾ!"

"ನೀ ಹೆಂಗದಿ ಅಣ್ಣಾ?"

"ನಾ ಬರ್ತೀನಿ. ಇನ್ನ ಹನ್ನೊಂದು ದಿನ ಅಷ್ಟ."

ಅವಳಿಗೆ ಕೇಳಿಸಲಿಲ್ಲವೆಂದುಕೊಂಡು ಅವನು ಎರಡೂ ಕೈಯ ಬೆರಳು ಎತ್ತಿ, ಮತ್ತೊಂದು ಬೆರಳು ಎತ್ತಿ ತೋರಿಸಿದ. "ಹನ್ನೊಂದು!"

"ಬಿಟ್ರಾ? ಕೇಸು ಬಿದ್ದು ಹೋತಾ?"

"ಬೀಳಲಿಲ್ಲ. ಒಪ್ಪಿಕೊಂಡೆ. ಮಂಗಳಾರ."

"ಏನು ಒಪ್ಪಿಕೊಂಡಿ?"

"ಕದ್ದೀನಿ ಅಂತ."

ಪಕ್ಕದ ಮುದುಕಿಯೊಬ್ಬಳು ತನ್ನ ಮಗನಿಗೆ ಮೊಮ್ಮಗುವಿಗೆ ಹಲ್ಲು ಬಂದ ಸುದ್ದಿ ಕೂಗಿ ಹೇಳುತ್ತಿದ್ದಳು. ಹುಲಿಗೆಮ್ಮ ಜಾಲರಿಗೆ ಹಣೆ ಹಚ್ಚಿದಳು.

"ನೀ ಕದ್ದಿಲ್ಲಲ್ಲ!"

"ಇಲ್ಲ. ಖರೆ. ಆದ್ರ ಒಪ್ಪಿಕೊಂಡ್ರ ಇಲ್ಲೀವರೆಗೂ ಕುಂತದ್ದನ್ನ ಸಜಾದಾಗ ಹಿಡೀತಾರ, ಲಗೂನ ಹೊರಗ ಹೋಗ್ತಿ ಅಂದ್ರು ವಕೀಲರು. ಇಲ್ಲಾಂದ್ರ ಇನ್ನೂ ಎಷ್ಟು ವರ್ಷೋ ಹೇಳಾಕ ಬರೂದಿಲ್ಲ ಅಂದ್ರು. ನಾ ನಿನ್ನನ್ನ ಕೇಳಿದೆನಲ್ಲ."

"ನನ್ನನ್ನ?"

"ಕಾಗದ ಬರಸಿದ್ದೆನಲ್ಲ. ಮುಟ್ಟಲಿಲ್ಲೇನು?"

ಹುಲಿಗೆಮ್ಮನ ಕೈ ಚೀಲದ ಮೇಲೆ ಹೋಯಿತು.

"ಮುಟ್ಟಿತು," ಅಂದಳು.

"ಮತ್ತ? ನೀ ಜವಾಬ ಬರೀಲಿಲ್ಲ. ಬ್ಯಾಡ ಅನ್ನೂ ಹಂಗಿದ್ರ ಬರೀತಿದ್ದಿ, ಸುಮ್ಮನದಾಳಂದ್ರ ಒಪ್ಪಿಗಿ ಐತಿ ಅಂತ ತಿಳಕೊಂಡೆ." ದುರುಗಪ್ಪ ಮತ್ತೆ ನಕ್ಕ. "ನೀ ಕಾನೂನು ಓದಾಕಿ. ನಿನಗ ಗೊತ್ತಿರತೈತಿ."

ಹೊತ್ತು ಮುಗಿಯಿತೆಂದು ಸಿಳ್ಳೆ ಊದಿದರು.

*

ಬಸ್ಸಿನಲ್ಲಿ ಅವಳು ಪತ್ರ ಒಡೆದಳು.

ತಂಗಿ ಹುಲಿಗೆಮ್ಮಳಿಗೆ ಅಣ್ಣನ ಆಶೀರ್ವಾದಗಳು. ನಾನು ಕ್ಷೇಮ. ವಕೀಲರು ತಪ್ಪು ಒಪ್ಪಿಕೋ ಅನ್ನುತ್ತಾರೆ. ನಾನು ಕದ್ದಿಲ್ಲ ಅನ್ನುವುದು ನಿನಗೆ ಗೊತ್ತು, ಅವ್ವನಿಗೆ ಗೊತ್ತು. ಒಪ್ಪಿಕೊಂಡರೆ ಮುಂದೆ ಕಳ್ಳ ಅನ್ನುವ ಹೆಸರು ಹೋಗುತ್ತದೋ ಇಲ್ಲವೋ ನನಗೆ ತಿಳಿಯದು. ನೀನು ತಿಳಿದವಳು. ಬೇಡ ಎಂದರೆ ಒಂದು ಸಾಲು ಬರೆ, ಬೇಡ ಎಂದು. ನಾನು ಇನ್ನೂ ಇರುತ್ತೇನೆ. ನನಗೆ ರೂಢಿಯಾಗಿದೆ. ಓದು ಬಿಡಬೇಡ. ಹೊತ್ತಿಗೆ ಸರಿಯಾಗಿ ಉಣ್ಣು.

ಅವಳು ಮೂರು ಸಲ ಓದಿದಳು. ಒಂದು ಮಾತೂ ಮರೆಯಲಿಲ್ಲ.

*

ಆಶ್ರಮಕ್ಕೆ ಬಂದವಳು ನೇರ ಕೋಣೆಗೆ ಹೋಗಿ ಪುಸ್ತಕಗಳನ್ನೆಲ್ಲ ಹೊತ್ತು ತಂದು ಅಮ್ಮಾರ ಮುಂದೆ ಇಟ್ಟಳು. ನಡೆದದ್ದನ್ನೆಲ್ಲ ಹೇಳಿದಳು. ಹೇಳುವಾಗ ಅವಳ ದನಿ ಬೇರೆ ಯಾರದೋ ಕೇಸಿನ ವಿಷಯ ಓದಿ ಹೇಳಿದಂತಿತ್ತು.

"ಇವು ನನಗ ಬ್ಯಾಡ್ರಿ."

"ಆತು," ಅಂದರು ಅಮ್ಮಾರು. ಪುಸ್ತಕಗಳನ್ನು ಒಂದೊಂದಾಗಿ ಎತ್ತಿ ಕಪಾಟಿಗಿಟ್ಟರು.

ಹುಲಿಗೆಮ್ಮ ಕಾದಳು. ಗುರು ಏನಾದರೂ ಹೇಳಬೇಕಲ್ಲ. ಅಮ್ಮಾರು ಹೇಳಲಿಲ್ಲ.

ಮರುದಿನವೂ ಹೇಳಲಿಲ್ಲ. ಅದರ ಮರುದಿನವೂ. ಗಂಟೆ ಬಾರಿಸುತ್ತಿತ್ತು, ಉಳಿದ ಮಕ್ಕಳು ಓದಲು ಕೂರುತ್ತಿದ್ದರು, ಏಳುತ್ತಿದ್ದರು. ಹುಲಿಗೆಮ್ಮ ಹೊಳೆಯ ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು. ಹಸಿವಾಗುತ್ತಿರಲಿಲ್ಲ. ಮಲಗಿದರೆ ಬೆರಳುಗಳು ಕಾಣುತ್ತಿದ್ದವು. ಹತ್ತು, ಆಮೇಲೆ ಒಂದು.

ಐದನೆಯ ದಿನ ಅವಳೇ ಅಮ್ಮಾರ ಹತ್ತಿರ ಹೋದಳು.

"ನೀವು ಗುರುಗಳು. ಏನಾರ ಹೇಳ್ರಿ."

"ಏನು ಹೇಳಲಿ?"

"ನಂದು ತಪ್ಪಿಲ್ಲ ಅಂತ ಹೇಳ್ರಿ. ಇಲ್ಲಾ ನಂದ ತಪ್ಪು ಅಂತರ ಹೇಳ್ರಿ. ಎರಡರಾಗ ಒಂದು."

ಅಮ್ಮಾರು ಅವಳನ್ನು ಹೊಳೆಯ ಮೆಟ್ಟಿಲಿಗೆ ಕರೆತಂದು ಕೂರಿಸಿದರು.

"ನಾ ಕೋರ್ಟಿನಾಗಿದ್ದಾಗ ದಿನಕ್ಕ ನಲವತ್ತು ಫೈಲು ನೋಡ್ತಿದ್ದೆ," ಅಂದರು. "ಊಟ ಬಿಟ್ಟು, ನಿದ್ದಿ ಬಿಟ್ಟು ನೋಡ್ತಿದ್ದೆ. ಭಾಳ ದುಡೀತಾಳ ಅಂತ ಎಲ್ಲಾರೂ ಹೊಗಳತಿದ್ರು. ಒಂದು ಫೈಲಿನಾಗ ಒಂದು ಹಾಳಿ ಇತ್ತು. ಕಣ್ಣು ಅದರ ಮ್ಯಾಲೆ ಹಾದು ಹೋತು, ಒಳಗ ಇಳೀಲಿಲ್ಲ. ಆ ಹಾಳಿ ನಾ ಓದಿದ್ರ ಆ ಮನುಷ್ಯ ಅವತ್ತ ಮನೀಗೆ ಹೋಗ್ತಿದ್ದ."

"ಹೋಗಲಿಲ್ಲೇನ್ರಿ?"

"ಏಳು ವರ್ಷಕ್ಕ ಹೋದ. ಅಷ್ಟೊತ್ತಿಗೆ ಮನಿ ಇರಲಿಲ್ಲ."

"ನಿಮಗ ಯಾರು ಏನು ಹೇಳಿದ್ರು ಆವಾಗ?"

"ಎಲ್ಲಾರೂ ಏನೇನೋ ಹೇಳಿದ್ರು. ಯಾವುದೂ ಹಿಡಿಸಲಿಲ್ಲ. ಅದಕ್ಕ ನಾ ನಿನಗ ಏನೂ ಹೇಳಂಗಿಲ್ಲ."

ಅಮ್ಮಾರು ಅವಳ ಪಕ್ಕದ ಮೆಟ್ಟಿಲಲ್ಲಿ ಕೂತರು. ಅವತ್ತು ಸಂಜೆಯ ಪಾಠ ನಡೆಯಲಿಲ್ಲ. ಕತ್ತಲಾಗುವವರೆಗೆ ಇಬ್ಬರೂ ಹಾಗೆಯೇ ಕೂತಿದ್ದರು.

*

ಬಿಡುಗಡೆಯಾದ ಒಂಬತ್ತು ದಿನಕ್ಕೆ ದುರುಗಪ್ಪ ತಂಗಿಯನ್ನು ನೋಡಲು ಆಶ್ರಮಕ್ಕೆ ಬಂದ.

ಜಾಲರಿಯ ಆಚೆ ನಗುತ್ತಿದ್ದವನ ಮುಖದಲ್ಲಿ ಈಗ ನಗುವಿರಲಿಲ್ಲ. ನಾಲ್ಕು ಕಡೆ ಕೆಲಸ ಕೇಳಿದ್ದ. ನಾಲ್ಕೂ ಕಡೆ ಗೇಟಿನಲ್ಲೇ ತಿರುಗಿಸಿ ಕಳಿಸಿದ್ದರು. ಕದ್ದೆನೆಂದು ಅವನೇ ಒಪ್ಪಿಕೊಂಡಿದ್ದಾನೆ, ನಾವೇನು ಹೇಳಬೇಕು ಅಂದಿದ್ದರು.

ಅಮ್ಮಾರು ಇಬ್ಬರಿಗೂ ಎದುರಾಬದುರು ತಾಟು ಹಾಕಿ ಬಡಿಸಿದರು. ಹುಲಿಗೆಮ್ಮ ತಲೆ ಎತ್ತಲಿಲ್ಲ. ಪತ್ರ ಒಡೆದಿರಲಿಲ್ಲವೆಂದು ಅಣ್ಣನಿಗೆ ಹೇಳಬೇಕು. ತುತ್ತು ತುತ್ತಿಗೂ ಈಗ ಹೇಳುತ್ತೇನೆ ಅಂದುಕೊಂಡಳು.

ಉಂಡಾದ ಮೇಲೆ ದುರುಗಪ್ಪ ಕಿಸೆಯಿಂದ ಎರಡು ಹಾಳೆ ತೆಗೆದ. ಕೋರ್ಟಿನ ತೀರ್ಪಿನ ನಕಲು. ಇಂಗ್ಲಿಷಿನಲ್ಲಿತ್ತು.

"ಇದ್ರಾಗ ಏನೈತಿ ಓದು ಹುಲಿಗಿ. ನನ್ನ ಬಗ್ಗೆ ಏನು ಬರದಾರ ನನಗ ಯಾರೂ ಹೇಳಿಲ್ಲ."

ಹುಲಿಗೆಮ್ಮ ಅಮ್ಮಾರ ಕಡೆ ನೋಡಿದಳು. ಅಮ್ಮಾರು ತಾಟು ಎತ್ತಿಕೊಂಡು ಒಳಗೆ ಹೋದರು.

ಅವಳು ಓದತೊಡಗಿದಳು. ಒಂದು ವಾಕ್ಯ ಓದುವುದು, ನಿಲ್ಲುವುದು, ಕನ್ನಡದಲ್ಲಿ ಹೇಳುವುದು. ಅವನು ಹಾಗಂದರೇನು ಎಂದು ಕೇಳುವುದು, ಅವಳು ಇನ್ನೊಂದು ಥರ ಹೇಳುವುದು. ಎರಡು ಹಾಳೆಗೆ ಇಡೀ ಮಧ್ಯಾಹ್ನ ಹಿಡಿಯಿತು. ಯಾವ ಅಕ್ಷರವೂ ಅಲುಗಾಡಲಿಲ್ಲ.

"ಆರೋಪಿಯು ಸ್ವಇಚ್ಛೆಯಿಂದ ತನ್ನ ತಪ್ಪನ್ನು ಒಪ್ಪಿಕೊಂಡಿದ್ದಾನೆ."

"ಸ್ವಇಚ್ಛೆ ಅಂದ್ರ?"

"ಯಾರೂ ಜುಲುಮೆ ಮಾಡಲಾರದ, ತಾನಾಗೇ."

ದುರುಗಪ್ಪ ಆ ಮಾತನ್ನು ಬಾಯಲ್ಲೇ ಒಮ್ಮೆ ಆಡಿ ನೋಡಿದ.

"ನಾ ಹಂಗಂದಿಲ್ಲ," ಅಂದ. "ಅವರು ಏನೋ ಕೇಳಿದ್ರು. ತಲಿ ಆಡಸು ಅಂದ್ರು ವಕೀಲರು. ನಾ ತಲಿ ಆಡಸಿದೆ. ತಲಿ ಆಡಸಿದ್ದು ಇದ್ರಾಗ ಐತೇನು?"

ಅವಳು ಮತ್ತೊಮ್ಮೆ ಹುಡುಕಿದಳು. "ಇಲ್ಲಣ್ಣ."

"ಹೂಂ."

"ಅಣ್ಣಾ, ನಿನ್ನ ಕಾಗದ ನಾ ಒಡೆದಿರಲಿಲ್ಲ. ಓದೂದು ಐತಿ ಅಂತ ಇಟ್ಟಿದ್ದೆ. ಒಪ್ಪಿಗಿ ಅಲ್ಲ ಅದು. ನಾ ಓದೇ ಇರಲಿಲ್ಲ."

ದುರುಗಪ್ಪ ಹಾಳೆಗಳನ್ನು ಮೊದಲಿದ್ದ ಮಡಿಕೆಯಲ್ಲೇ ಮಡಚಿದ. ಬಹಳ ಜೋಪಾನವಾಗಿ ಮಡಚಿದ. ಬೈಯಲಿಲ್ಲ. ಬೈದಿದ್ದರೆ ಅವಳು ಬದುಕಿಕೊಳ್ಳುತ್ತಿದ್ದಳು.

ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದ. "ನನ್ನ ಸಲುವಾಗಿ ಅಂತ ಓದಬ್ಯಾಡ, ಹುಲಿಗಿ. ಅದು ನನಗ ಭಾರ ಆಗತೈತಿ."

*

ಮರುದಿನ ಮುಂಜಾನೆ ಅವಳು ಅಮ್ಮಾರ ಕಪಾಟಿನ ಮುಂದೆ ನಿಂತಳು.

"ಪುಸ್ತಕ ಕೊಡ್ರಿ."

"ಯಾರ ಸಲುವಾಗಿ?"

ಹುಲಿಗೆಮ್ಮ ಯೋಚಿಸಿದಳು. ಅಣ್ಣನ ಕೇಸು ಮುಗಿದಿತ್ತು. ಅವ್ವನಿಗೆ ಪರೀಕ್ಷೆಯೆಂದರೇನೆಂದೇ ತಿಳಿಯದು. ತನಗೆ ಏನೂ ಬೇಕೆನಿಸುತ್ತಿರಲಿಲ್ಲ.

"ಗೊತ್ತಿಲ್ರಿ."

"ಗೊತ್ತಿಲ್ಲಾಂದ್ರ ಓದಬಹುದು," ಎಂದು ಅಮ್ಮಾರು ಕಪಾಟು ತೆರೆದರು.

ಪರೀಕ್ಷೆಗೆ ಏಳು ವಾರ ಉಳಿದಿತ್ತು. ಮುಂಜಾನೆ ಎರಡು ತಾಸು, ಸಂಜೆ ಎರಡು ತಾಸು. ಗಂಟೆಯಾದೊಡನೆ ಪುಸ್ತಕ ಮುಚ್ಚುತ್ತಿದ್ದಳು. ಮುಚ್ಚಿದ ಮೇಲೆ ಮಾಡಲು ಏನೂ ಉಳಿಯುತ್ತಿರಲಿಲ್ಲ, ಆ ಹೊತ್ತೇ ಅತಿ ಕಷ್ಟದ್ದು. ಓದು ಇಷ್ಟು ದಿನ ತನ್ನನ್ನು ಯಾವುದರಿಂದ ಮರೆಮಾಡಿತ್ತೆಂದು ಅವಳಿಗೆ ಆಗ ತಿಳಿಯಿತು. ತೋಟದಲ್ಲಿ ಅವರೆ ಬಳ್ಳಿಗೆ ಕೋಲು ನೆಡುತ್ತಿದ್ದಳು. ನೆಡುತ್ತ ನೆಡುತ್ತ ನಿಂತುಬಿಡುತ್ತಿದ್ದಳು. ಅಮ್ಮಾರು ದೂರದಿಂದ ನೋಡಿ, ಕರೆಯದೆ, ತಮ್ಮ ಕೆಲಸ ಮುಂದುವರಿಸುತ್ತಿದ್ದರು.

ನಿದ್ದೆ ಮಾತ್ರ ಬರತೊಡಗಿತು. ಅದು ಅವಳಿಗೆ ನಾಚಿಕೆಯ ವಿಷಯವಾಗಿತ್ತು.

"ಅಣ್ಣ ಅಲ್ಲಿ ಗ್ವಾಡಿ ಕಡೆ ಮುಖ ಮಾಡಿ ಮಲಗಿರ್ತಾನಂತ. ಅವ್ವ ಫೋನಿನಾಗ ಹೇಳಿದ್ಲು," ಅಂದಳು ಒಂದು ದಿನ. "ನಾ ಇಲ್ಲಿ ಹೆಂಗ ನಿದ್ದಿ ಮಾಡ್ಲಿ?"

"ನೀ ಎಚ್ಚರ ಇದ್ರ ಅವಾ ಏಳ್ತಾನೇನು?" ಅಂದರು ಅಮ್ಮಾರು.

*

ಪರೀಕ್ಷೆಯ ದಿನ ಅವಳಿಗೆ ಭಯವಾಗಲಿಲ್ಲ. ಭಯಪಡಲು ಬೇಕಾದ ಆಸೆ ಒಳಗೆ ಇರಲಿಲ್ಲ.

ಅಕ್ಷರಗಳು ನಿಂತಲ್ಲೇ ನಿಂತಿದ್ದವು. ಒಂದೊಂದೇ ಪ್ರಶ್ನೆ ಓದಿ, ತಿಳಿದು, ಉತ್ತರ ಗುರುತು ಮಾಡಿದಳು. ನಡುವೆ ಒಂದು ಸಂಗತಿ ಕೊಟ್ಟಿದ್ದರು. ಒಬ್ಬ ತೋಟಗಾರ, ಬೇಲಿ ದಾಟಿ ಬಂದ ಒಂದು ಕೊಂಬೆ, ಪಕ್ಕದ ಮನೆಯವರ ತಕರಾರು. ಅವಳು ಆ ತೋಟಗಾರನ ಹತ್ತಿರ ನಿಂತುಬಿಟ್ಟಳು. ಅವನನ್ನು ಯಾರಾದರೂ ಕೇಳಿದ್ದಾರೆಯೆ? ಅವನು ಹೇಳಿದ್ದು ಅವನ ಮಾತಿನಲ್ಲಿ ಎಲ್ಲಾದರೂ ಬರೆದಿದೆಯೆ? ಆ ಸಂಗತಿಯನ್ನು ಎರಡು ಸಲ, ಮೂರು ಸಲ ಓದಿದಳು.

ಗಂಟೆಯಾದಾಗ ಹದಿನೆಂಟು ಪ್ರಶ್ನೆ ಉಳಿದಿದ್ದವು.

ಮೂರು ವಾರಕ್ಕೆ ಫಲಿತಾಂಶ ಬಂತು. ಆಶ್ರಮದಿಂದ ಬರೆದವರಲ್ಲಿ ಇಬ್ಬರಿಗೆ ಸೀಟು ಸಿಕ್ಕಿತು. ಹುಲಿಗೆಮ್ಮನ ಹೆಸರು ಪಟ್ಟಿಯಲ್ಲಿರಲಿಲ್ಲ. ಹೊಳೆ ಬದಿಯ ಬೇವಿನ ಕೆಳಗೆ ಫೋನು ಹಿಡಿದು ನಿಂತವಳು ಕೊನೆಯ ಹೆಸರಿನವರೆಗೂ ಓದಿದಳು. ಆಮೇಲೆ ಮೊದಲ ಹೆಸರಿನಿಂದ ಮತ್ತೆ ಓದಿದಳು.

ಅಮ್ಮಾರು ಪಡಸಾಲೆಯಲ್ಲಿ ಮೊರದ ತುಂಬ ಅಕ್ಕಿ ಹಾಕಿಕೊಂಡು ಹರಳು ಆರಿಸುತ್ತಿದ್ದರು. ಹುಲಿಗೆಮ್ಮ ಬಂದು ಎದುರಿಗೆ ಕೂತಳು.

"ಬರಲಿಲ್ರಿ."

"ಹೂಂ."

"ಹದಿನೆಂಟು ಪ್ರಶ್ನೆ ಬಿಟ್ಟಿದ್ದೆ. ಹೊತ್ತು ಸಾಲಲಿಲ್ಲ."

"ಓದಿದ್ದು ತಿಳೀತೇನು?"

"ಓದಿದ್ದೆಲ್ಲಾ ತಿಳೀತ್ರಿ. ಅದನ್ನ ಕಟಗೊಂಡು ಏನು ಮಾಡ್ಲಿ?"

ಅಮ್ಮಾರು ಒಂದು ಹರಳು ಆರಿಸಿ ಆಚೆ ಎಸೆದರು.

"ಹಗಲು ರಾತ್ರಿ ಓದಿದೆ, ಆಗಲಿಲ್ಲ. ನೀವು ಹೇಳಿದಂಗ ಓದಿದೆ, ಆಗಲಿಲ್ಲ," ಅಂದಳು ಹುಲಿಗೆಮ್ಮ. ಅವಳ ದನಿ ಏರಲಿಲ್ಲ. "ಅಣ್ಣ ಬ್ಯಾಡ ಅನ್ನು ಅಂತ ಒಂದ ಸಾಲು ಕೇಳಿದ್ದ, ಅದೂ ನನ್ನಿಂದ ಆಗಲಿಲ್ಲ. ಯಾವುದಕ್ಕೂ ನಾ ಹೊತ್ತಿಗೆ ಸರಿಯಾಗಿ ಮುಟ್ಟಲಿಲ್ಲ. ಎಲ್ಲಾ ಮುಗದು ಹೋತ್ರಿ ಅಮ್ಮಾರ."

ಜೈಲಿನ ಜಾಲರಿಯ ಮುಂದೆ ಅತ್ತಿರಲಿಲ್ಲ, ಬಸ್ಸಿನಲ್ಲಿ ಅತ್ತಿರಲಿಲ್ಲ, ಅಣ್ಣ ಹಾಳೆ ಮಡಚಿದಾಗ ಅತ್ತಿರಲಿಲ್ಲ. ಈಗ ಅತ್ತಳು. ಮೊರದ ಅಂಚಿಗೆ ಹಣೆ ಹಚ್ಚಿ, ಮೈಯೆಲ್ಲ ಅದುರುವಂತೆ ಅತ್ತಳು. ಅಕ್ಕಿಯ ಮೇಲೆ ಕಣ್ಣೀರು ಬಿತ್ತು.

ಅಮ್ಮಾರು ಮೊರವನ್ನು ಸರಿಸಲಿಲ್ಲ. ಅವಳು ಮುಗಿಸುವವರೆಗೆ ಹಾಗೆಯೇ ಹಿಡಿದು ಕೂತರು.

"ಅಣ್ಣ ಈಗ ಎಲ್ಲದಾನ?" ಎಂದು ಆಮೇಲೆ ಕೇಳಿದರು.

"ಮನ್ಯಾಗ. ಹೊರಗ ಬರೂದಿಲ್ಲ. ಯಾರ ಜೋಡಿನೂ ಮಾತಾಡೂದಿಲ್ಲ."

"ಅವ್ವ?"

"ಕೂಲಿಗೆ ಹೋಗಿರ್ತಾಳ. ಹಗಲೆಲ್ಲಾ ಅವನೊಬ್ಬನ ಇರ್ತಾನ."

"ನಿಮ್ಮೂರಿಗೆ ಕಡೀ ಬಸ್ಸು ಎಷ್ಟಕ್ಕ?"

ಹುಲಿಗೆಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಅರ್ಥವಾಗದೆ ಅಮ್ಮಾರನ್ನೇ ನೋಡಿದಳು.

"ನಾಕೂವರಿಗ್ರಿ."

ಅಮ್ಮಾರು ಅಂಗಳದ ಬಿಸಿಲು ನೋಡಿದರು.

"ಹಂಗಾದ್ರ ಇನ್ನೂ ಹೊತ್ತೈತಿ. ಏಳು, ಬಸ್ಸು ಹಿಡಿ."